ಒಬ್ಬರು ಬಿಟ್ಟರೆ ನನ್ನ ಸರದಿ

ಆರಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಈ ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಎಪ್ಪತ್ತೆರಡು ವರ್ಷ ಕಾದೆ. ಯಾರೂ ಬಾಯಿ ಬಿಡದಿದ್ದುದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ನಾನು ಡೆಲ್ಮರ್ ಹೌಗೆನ್, ಅಮೆರಿಕದ ಉತ್ತರ ತುದಿಯ ಡುಲೂತ್ ಪಟ್ಟಣದ ಕಾಗದದ ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಮುಖ್ಯಸ್ಥನಾಗಿದ್ದು ನಿವೃತ್ತನಾದವನು. ಕಾರ್ಖಾನೆಗೆ ಬಾಯ್ಲರ್ ಬೇಕಾಗಲಿ, ಕಸಬರಿಗೆ ಬೇಕಾಗಲಿ, ಮೂರು ಕಡೆಯಿಂದ ಕೊಟೇಶನ್ ತರಿಸದೆ ಒಂದು ಸಹಿ ಹಾಕಿದವನಲ್ಲ. ಮದುವೆಯ ವಿಷಯದಲ್ಲಿ ಮಾತ್ರ ಒಂದೇ ಕೊಟೇಶನ್ ಬಂದಿತ್ತು. (ಅದನ್ನು ಒಪ್ಪಿಕೊಂಡೆ. ಅಂದಿನಿಂದ ಒಪ್ಪಿಕೊಳ್ಳುತ್ತಲೇ ಇದ್ದೇನೆ.)

ನನ್ನ ಎರಡನೆಯ ನಿಯಮ ಇನ್ನೂ ಮುಖ್ಯವಾದದ್ದು: ಕೊನೆಯ ದಿನದವರೆಗೂ ಸಹಿ ಹಾಕಬಾರದು. ಮಾರುವವನು ಮೊದಲ ದಿನ ಗತ್ತಿನಲ್ಲಿರುತ್ತಾನೆ, ಮಧ್ಯದಲ್ಲಿ ಮೆತ್ತಗಾಗುತ್ತಾನೆ, ಕೊನೆಯ ದಿನ ಕೈಯಲ್ಲಿ ಪೆನ್ನು ಹಿಡಿದುಕೊಂಡು ತಾನೇ ಮನೆಗೆ ಬರುತ್ತಾನೆ. ಈ ಸೂತ್ರದಿಂದ ನಾನು ಕಾರ್ಖಾನೆಗೆ ಎಷ್ಟು ಉಳಿಸಿಕೊಟ್ಟೆ ಎಂಬುದನ್ನು ಬಲ್ಲವರು ಬಲ್ಲರು. ನನ್ನ ಧರ್ಮಪತ್ನಿ ಮಾರ್ಲಿಸ್ ಮಾತ್ರ ಬಲ್ಲವರ ಪೈಕಿ ಅಲ್ಲ.

ಡುಲೂತ್‌ನ ಚಳಿ ಮಾರ್ಲಿಸಳ ಸೊಂಟವನ್ನು ಹಿಡಿದುಕೊಂಡು ಬಿಡುತ್ತಿರಲಿಲ್ಲ. ವರ್ಷದಲ್ಲಿ ಅರ್ಧ ಕಾಲ ಬಾಗಿಲ ಮುಂದಿನ ಹಿಮ ಕೆರೆಯುವುದೇ ಒಂದು ಉದ್ಯೋಗವಾಗಿತ್ತು. ಆದ್ದರಿಂದ ಬಿಸಿಲ ನಾಡಾದ ಅರಿಜೋನಾದ ಮೆಸ್ಕೀಟ್ ಹಿಲ್ಸ್ ಎಂಬ ನಿವೃತ್ತರ ಬಡಾವಣೆಯಲ್ಲಿ ಒಂದು ಮನೆ ನೋಡಿದೆ. ಅಲ್ಲಿ ಐವತ್ತೈದರ ಒಳಗಿನವರಿಗೆ ಪ್ರವೇಶವಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಗಾಲ್ಫ್ ಬಂಡಿ. ಈಜುಕೊಳಕ್ಕೆ ಬಂಡಿ, ಅಂಗಡಿಗೆ ಬಂಡಿ, ಎದುರು ಮನೆಗೂ ಬಂಡಿ. ನಾನು ಮೊದಲ ನೋಟಕ್ಕೇ ಸೋತೆ. ಮಾರ್ಲಿಸ್ ಸೋಲಲಿಲ್ಲ. ಮನೆ ನೋಡಲು ಹೋದ ದಿನ ಅಂಗಳದ ಕಳ್ಳಿಗಿಡವನ್ನು "ಎಷ್ಟು ಮುದ್ದಾಗಿದೆ" ಎಂದು ಮುಟ್ಟಿದಳು. ಅಂಗೈ ತುಂಬ ಮುಳ್ಳು ಹೊಕ್ಕಿತು.

ಬಂಡಿ ಹೋಗುವಷ್ಟು ದೂರದಲ್ಲೇ ಒಂದು ಸಣ್ಣ ಕ್ಲಿನಿಕ್ ಇತ್ತು. ಅಲ್ಲಿದ್ದವರು ಒಬ್ಬರೇ ಡಾಕ್ಟರು, ಮಾರಿಸೋಲ್ ಕ್ವಿಂಟಾನಾ. ಆಕೆ ಚಿಮಟ ಹಿಡಿದು ಒಂದೊಂದೇ ಮುಳ್ಳು ತೆಗೆಯುತ್ತ ಮಾರ್ಲಿಸಳ ಸೊಂಟದ ಸಮಾಚಾರ ಕೇಳಿದರು, ನಿದ್ದೆಯ ಸಮಾಚಾರ ಕೇಳಿದರು, ಹಿಂದಿನ ವರ್ಷ ತೀರಿಕೊಂಡ ಅವಳ ತಂಗಿಯ ವಿಷಯವನ್ನೂ ಕೇಳಿದರು. ಮುಕ್ಕಾಲು ಗಂಟೆ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಹೊರಗೆ ಬಂದ ಮಾರ್ಲಿಸ್ ಕೈಗೆ ಕಟ್ಟಿದ್ದ ಪಟ್ಟಿಯನ್ನು ನೋಡಿಕೊಂಡು ಹೇಳಿದಳು:

"ರೀ, ಈ ಡಾಕ್ಟರು ನನಗೆ ಸಿಗೋದಾದ್ರೆ ಇಲ್ಲಿಗೆ ಬರ್ತೀನಿ. ಇಲ್ದಿದ್ರೆ ಡುಲೂತ್‌ನಲ್ಲೇ ಹಿಮ ಕೆರೀತಾ ಸಾಯ್ತೀನಿ. ಆಮೇಲೆ ಅದೂ ಇದೂ ಅನ್ನಬೇಡಿ."

"ಅಷ್ಟೇ ತಾನೆ? ನನಗೆ ಬಿಡು," ಎಂದೆ.

"ನಿಮಗೆ ಬಿಡೋದೇ ನನಗೆ ಭಯ," ಎಂದಳು.

ಇಲ್ಲಿ ಸ್ವಲ್ಪ ವಿಷಯ ಬಿಡಿಸಿ ಹೇಳಬೇಕು. ಅರವತ್ತೈದು ದಾಟಿದವರ ಆಸ್ಪತ್ರೆ ಖರ್ಚನ್ನು ಸರ್ಕಾರ ನೋಡಿಕೊಳ್ಳುತ್ತದೆ, ಅದಕ್ಕೆ ಮೆಡಿಕೇರ್ ಎಂದು ಹೆಸರು. ಅಷ್ಟಕ್ಕೇ ನಿಂತಿದ್ದರೆ ನನ್ನಂಥ ಪ್ರತಿಭಾವಂತರಿಗೆ ಕೆಲಸವಿರುತ್ತಿರಲಿಲ್ಲ. ಸರ್ಕಾರದ ಈ ಅಡುಗೆಯನ್ನು ಹತ್ತಾರು ಕಂಪನಿಗಳು ತಮ್ಮ ತಮ್ಮ ತಟ್ಟೆಯಲ್ಲಿ ಬಡಿಸುತ್ತವೆ. ಒಂದೊಂದು ತಟ್ಟೆಯೂ ಒಂದೊಂದು ಪ್ಲಾನ್. ಒಬ್ಬನ ತಟ್ಟೆಯಲ್ಲಿ ಹಲ್ಲಿನ ವೈದ್ಯ ಬಿಟ್ಟಿ, ಇನ್ನೊಬ್ಬನದರಲ್ಲಿ ಕನ್ನಡಕ ಬಿಟ್ಟಿ, ಮತ್ತೊಬ್ಬ ವ್ಯಾಯಾಮಶಾಲೆಗೆ ಬಿಟ್ಟಿ ಸದಸ್ಯತ್ವ ಕೊಡುತ್ತಾನೆ. (ನಾವು ಹೋಗುವುದಿಲ್ಲ ಎಂದು ಅವನಿಗೆ ಗೊತ್ತು.) ಪ್ರತಿ ಪ್ಲಾನಿಗೂ ಅದರದೇ ಡಾಕ್ಟರುಗಳು, ಅದರದೇ ಊರುಗಳು. ಡುಲೂತ್‌ನ ಪ್ಲಾನು ಅರಿಜೋನಾದಲ್ಲಿ ನಡೆಯುವುದಿಲ್ಲ. ಊರು ಬದಲಿಸಿದವರು ಒಂದೆರಡು ತಿಂಗಳಲ್ಲಿ ಹೊಸದು ಆರಿಸಿಕೊಳ್ಳಬೇಕು.

ನಾವು ಅಕ್ಟೋಬರಿನಲ್ಲಿ ಬಂದು ಇಳಿದೆವು. ನಮ್ಮ ಗಡುವು ಡಿಸೆಂಬರ್ ಕೊನೆಯ ದಿನ. ಊಟದ ಮೇಜಿನ ಮೇಲೆ ಕಂಪನಿಗಳ ಪುಸ್ತಿಕೆಗಳನ್ನು ಹರಡಿದೆ. ಮೇಜು ತುಂಬಿತು. ಸೋಫಾ ತುಂಬಿತು. ನಾವು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತುಕೊಂಡು ಊಟ ಮಾಡತೊಡಗಿದೆವು. ಕಂಪನಿಯವರು ನಡೆಸುವ ಮಾಹಿತಿ ಸಭೆಗಳಿಗೂ ಹೋದೆ. ಅಲ್ಲಿ ಕಾಫಿ, ಬಿಸ್ಕತ್ತು ಕೊಡಬಹುದು, ಊಟ ಹಾಕಕೂಡದು ಎಂದು ಕಾನೂನಿದೆ. ಒಂದು ತಟ್ಟೆ ಊಟಕ್ಕೆ ಮುದುಕರು ಜೀವವನ್ನೇ ಬರೆದುಕೊಟ್ಟಾರು ಎಂದು ಸರ್ಕಾರಕ್ಕೆ ಅನುಮಾನ. ನಾನು ಬಿಸ್ಕತ್ತು ತಿಂದೆನೇ ಹೊರತು ಯಾರಿಗೂ ಮನಸ್ಸು ಕೊಡಲಿಲ್ಲ.

ಇದನ್ನೆಲ್ಲ ಕಂಡು ಮಾರ್ಲಿಸ್ ಒಂದು ಬೆಳಿಗ್ಗೆ, ಕೈಯಲ್ಲಿ ತಟ್ಟೆ ಹಿಡಿದು ನಿಂತೇ ಹೇಳಿದಳು:

"ಆ ಕ್ಲಿನಿಕ್‌ಗೇ ಫೋನ್ ಮಾಡಿ, ನೀವು ಯಾವ ಪ್ಲಾನ್ ತಗೋತೀರಮ್ಮಾ ಅಂತ ಕೇಳಿದ್ರೆ ಮುಗೀತಲ್ವೇನ್ರೀ?"

"ಹಾಗೆಲ್ಲ ಕೇಳಬಾರದು ಕಣೇ. ನಮಗೆ ಬೇಕು ಅನ್ನೋದು ಅವರಿಗೆ ಗೊತ್ತಾಗಿಬಿಡುತ್ತೆ."

"ಗೊತ್ತಾದ್ರೆ ಏನಾಗುತ್ತೆ?"

"ಗತ್ತು ಬಂದ್ಬಿಡುತ್ತೆ."

ಅವಳು ತಟ್ಟೆ ತೊಳೆಯಲು ಹೋದಳು. ನಾನು ವೈಜ್ಞಾನಿಕ ವಿಧಾನದಲ್ಲಿ ಮುಂದುವರಿದೆ. ಮೂರು ವಾರಗಳ ಮಹಾಸಂಶೋಧನೆಯ ನಂತರ, ಇಡೀ ಜಿಲ್ಲೆಯಲ್ಲಿ ಡಾಕ್ಟರ್ ಕ್ವಿಂಟಾನಾ ಒಪ್ಪಿಕೊಳ್ಳುವುದು ಗೋಲ್ಡನ್ ಮೆಸಾ ಎಂಬ ಒಂದೇ ಒಂದು ಪ್ಲಾನನ್ನು ಎಂಬ ಸತ್ಯವನ್ನು ಕಂಡುಹಿಡಿದೆ. ಸೊಂಟದ ತಜ್ಞರು, ಎಕ್ಸ್‌ರೇ, ಔಷಧಿ ಎಲ್ಲಕ್ಕೂ ಅದೇ ಮೇಲು. ಪುಸ್ತಿಕೆಯನ್ನು ಎತ್ತಿ ಹಿಡಿದು ಮಾರ್ಲಿಸಳಿಗೆ ಸಾರಿದೆ.

"ಹೌದು, ಗೋಲ್ಡನ್ ಮೆಸಾ," ಎಂದಳು ಅವಳು, ಬಟ್ಟೆ ಮಡಚುತ್ತ.

"ನಿನಗೆ ಹೇಗೆ ಗೊತ್ತು?"

"ಫೋನ್ ಮಾಡಿದ್ದೆ."

ಇಂಥ ಕಡೆ ಗಂಡಸು ತಾಳ್ಮೆ ಕಳೆದುಕೊಳ್ಳಬಾರದು. ಇಬ್ಬರೂ ಒಂದೇ ಉತ್ತರಕ್ಕೆ ಬಂದಿದ್ದರೂ ಅವಳದು ಅದೃಷ್ಟ, ನನ್ನದು ಜ್ಞಾನ. "ಸರಿ, ಹಾಗಾದ್ರೆ ಇವತ್ತೇ ಹಾಕ್ಬಿಡಿ ಸಹಿ," ಎಂದಳು. ನಾನು ನಕ್ಕೆ. ಸಹಿ, ಕೊನೆಯ ದಿನ. "ಇದು ಸರ್ಕಾರ ಮಂಜೂರು ಮಾಡಿದ ದರ ಕಣ್ರೀ, ಚೌಕಾಸಿ ಗೀಕಾಸಿ ಇಲ್ಲ," ಎಂದಳು. ಚೌಕಾಸಿ ಇಲ್ಲದ ವಸ್ತು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂದು ಅವಳಿಗೆ ತಿಳಿಸಿಕೊಟ್ಟೆ.

ಆಮೇಲೆ ನಡೆದದ್ದಕ್ಕೆ ನಾನು ಕಾರಣನಲ್ಲ, ನನ್ನ ಕೀರ್ತಿ ಕಾರಣ. ಪಕ್ಕದ ಮನೆಯಲ್ಲಿ ಎಮೆಟ್ ಪ್ರಿಚರ್ಡ್ ಎಂಬ ವೃದ್ಧರಿದ್ದರು. ರೈಲ್ವೆಯಲ್ಲಿ ಎಂಜಿನ್ ಓಡಿಸುತ್ತಿದ್ದವರು, ತೊಂಬತ್ತಕ್ಕೆ ಒಂದು ವರ್ಷ ಕಡಿಮೆ. ಕೆಮ್ಮಲು ಶುರು ಮಾಡಿದರೆ ಎಂಜಿನ್ ಏರು ಹತ್ತಿದ ಹಾಗೆ ಕೇಳಿಸುತ್ತಿತ್ತು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಹಿತ್ತಲಲ್ಲಿ ಒಂದು ನಿಂಬೆ ಮರವಿತ್ತು. ಒಂದು ಸಂಜೆ ಬೇಲಿಯ ಹತ್ತಿರ ನಿಂತು ಕೇಳಿದರು:

"ಡೆಲ್ಮರ್, ನೀನು ಈ ಪ್ಲಾನುಗಳನ್ನೆಲ್ಲ ಅರೆದು ಕುಡಿದಿದ್ದೀಯಂತೆ. ನನ್ನ ಡಾಕ್ಟರು ಪಟ್ಟಣದಲ್ಲಿದ್ದಾನೆ, ನಲವತ್ತು ಮೈಲಿ. ಹೋದ್ರೆ ಏಳು ನಿಮಿಷ ನೋಡ್ತಾನೆ. ಅದರಲ್ಲಿ ಆರು ನಿಮಿಷ ಕಂಪ್ಯೂಟರ್ ನೋಡ್ತಾನೆ. ನನಗೇನಾದ್ರೂ ದಾರಿ ಇದ್ಯಾ?"

ಇದ್ದ ದಾರಿಯನ್ನು ತೋರಿಸಿದೆ. ಎಮೆಟ್ ಗೋಲ್ಡನ್ ಮೆಸಾಕ್ಕೆ ಸಹಿ ಹಾಕಿ, ಡಾಕ್ಟರ್ ಕ್ವಿಂಟಾನಾ ಅವರ ಹೆಸರು ಬರೆಸಿ, ನನಗೆ ಒಂದು ಬುಟ್ಟಿ ನಿಂಬೆಹಣ್ಣು ಕೊಟ್ಟರು. ಅದನ್ನು ಟ್ವೈಲಾ ನೋಡಿದರು. ಟ್ವೈಲಾ ಈಜುಕೊಳದಲ್ಲಿ ಬೆಳಗಿನ ವ್ಯಾಯಾಮ ನಡೆಸುವ ವಿಧವೆ. ಎದೆಮಟ್ಟ ನೀರಿನಲ್ಲಿ ನಿಂತು ಕೈ ಎತ್ತಿಸುತ್ತ, ಇಳಿಸುತ್ತ ಬಡಾವಣೆಯ ಸಮಾಚಾರವನ್ನೆಲ್ಲ ಬಿತ್ತರಿಸುತ್ತಾರೆ. ಮರುದಿನದ ಹೊತ್ತಿಗೆ ನನ್ನ ಜಗುಲಿಯ ಮುಂದೆ ಗಾಲ್ಫ್ ಬಂಡಿಗಳು ಸಾಲುಗಟ್ಟಿದ್ದವು.

ಎಲ್ಲರಿಗೂ ಅದು ಪ್ಲಾನು ಬದಲಿಸುವ ಕಾಲ. ಪ್ರತಿ ವರ್ಷ ಡಿಸೆಂಬರ್ ಏಳರವರೆಗೆ ಆ ಅವಕಾಶವಿರುತ್ತದೆ. ನಾನು ಜಗುಲಿಯ ಬೆತ್ತದ ಕುರ್ಚಿಯಲ್ಲಿ ಸಿಂಹಾಸನಾರೂಢನಾದೆ. ಕಾರ್ಖಾನೆಯಲ್ಲಿ ನನ್ನ ಮಾತನ್ನು ಕೇಳುತ್ತಿದ್ದವರು ಸಂಬಳಕ್ಕಾಗಿ ಕೇಳುತ್ತಿದ್ದರು, ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಜನ ಕಿವಿಯ ಯಂತ್ರದ ಬ್ಯಾಟರಿ ಬದಲಿಸಿಕೊಂಡು ಬಂದು ಕೇಳುತ್ತಿದ್ದರು. ನನಗೆ ಬಹಳ ಸಂತೋಷವಾಗಿತ್ತು, ಮುಚ್ಚಿಡುವುದೇಕೆ? ಡಾಕ್ಟರ್ ಕ್ವಿಂಟಾನಾ ಅವರ ಗುಣಗಾನ ಮಾಡುವಾಗ ನನ್ನ ಕಂಠವೇ ಗದ್ಗದವಾಗುತ್ತಿತ್ತು. ಅವರು ಮುಖ ನೋಡುತ್ತಾರೆ, ಮಾತು ಕೇಳುತ್ತಾರೆ, ಮುಕ್ಕಾಲು ಗಂಟೆ ಕೂರುತ್ತಾರೆ. ಕೇಳಿದವರು ಒಬ್ಬೊಬ್ಬರಾಗಿ ಹೋಗಿ ಸಹಿ ಹಾಕಿದರು. ಗುರುದಕ್ಷಿಣೆಯಾಗಿ ಕೇಕು ಬಂತು, ಉಪ್ಪಿನಕಾಯಿ ಬಂತು, ಒಬ್ಬರು ತಮ್ಮ ಬಂಡಿಯ ಹಳೆಯ ಹಾರನ್ನನ್ನೇ ಕೊಟ್ಟರು.

ಮಾರ್ಲಿಸ್ ಆಗಾಗ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು.

"ಊರಿಗೆಲ್ಲ ಮಾಡಿಸಿ ಆಯ್ತು. ನಿಮ್ಮದು?"

"ನಮಗೆ ಡಿಸೆಂಬರ್ ಕೊನೆವರೆಗೂ ಟೈಮಿದೆ. ಇವರೆಲ್ಲ ಏಳನೇ ತಾರೀಕಿನೊಳಗೆ ಒದ್ದಾಡಬೇಕು ಪಾಪ. ನಾವು ಹೊಸದಾಗಿ ಬಂದವರು, ನಮಗೆ ವಿಶೇಷ ರಿಯಾಯಿತಿ ಕಣೇ."

"ರಿಯಾಯಿತಿ ಕೊಟ್ಟಿದ್ದಾರೆ ಅಂತ ಪೂರ್ತಿ ಉಪಯೋಗಿಸಲೇಬೇಕು ಅಂತೇನಿಲ್ವಲ್ಲ."

ಖರೀದಿಯ ಸೂಕ್ಷ್ಮಗಳು ಎಲ್ಲರಿಗೂ ಅರ್ಥವಾಗುವುದಿಲ್ಲ. ನಾನು ಮುಗುಳ್ನಕ್ಕು ಮುಂದಿನ ಬಂಡಿಯವರನ್ನು ಕರೆದೆ.

ಡಿಸೆಂಬರ್ ಮೂವತ್ತೊಂದು ಬಂತು. ನಾನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೋಲ್ಡನ್ ಮೆಸಾದವರಿಗೆ ಫೋನ್ ಮಾಡಿದೆ. ಯಾವ ಮಾರಾಟಗಾರನೂ ಪೆನ್ನು ಹಿಡಿದು ಮನೆಗೆ ಬಂದಿರಲಿಲ್ಲವೆಂಬುದು ನಿಜ, ಆದರೂ ನಾನು ದೊಡ್ಡ ಮನಸ್ಸು ಮಾಡಿದ್ದೆ. ಫೋನೆತ್ತಿದ ಹುಡುಗಿ ಬಹಳ ವಿನಯದಿಂದ ನನ್ನ ಹೆಸರು, ವಿಳಾಸ ಬರೆದುಕೊಂಡಳು.

"ಡಾಕ್ಟರು ಯಾರು ಬೇಕು ಸರ್?"

"ಮಾರಿಸೋಲ್ ಕ್ವಿಂಟಾನಾ," ಎಂದೆ, ಒಂದೊಂದು ಅಕ್ಷರವನ್ನೂ ಸವಿಯುತ್ತ.

"ಅವರು ಹೊಸಬರನ್ನ ತಗೋತಾ ಇಲ್ಲ ಸರ್. ಈ ತಿಂಗಳ ಎಂಟಕ್ಕೆ ಭರ್ತಿ ಆಯ್ತು. ಯಾಕೋ ಗೊತ್ತಿಲ್ಲ ಸರ್, ನಿಮ್ಮ ಬಡಾವಣೆಯಿಂದಾನೇ ಒಂದೇ ಸಲಕ್ಕೆ ನುಗ್ಗಿಬಿಟ್ರು. ಯಾರೋ ತುಂಬಾ ಪ್ರಚಾರ ಮಾಡಿದ್ರಂತೆ."

ಆ ಯಾರೋ ಯಾರೆಂದು ನಾನು ಹೇಳಲಿಲ್ಲ. "ಪಟ್ಟಣದಲ್ಲಿ ಒಬ್ಬರು ಖಾಲಿ ಇದ್ದಾರೆ ಸರ್, ನಲವತ್ತು ಮೈಲಿ ಅಷ್ಟೇ," ಎಂದಳು. ಎಮೆಟ್ ಬಿಟ್ಟು ಬಂದ ಅದೇ ಏಳು ನಿಮಿಷದ ಡಾಕ್ಟರು. ಎಮೆಟ್ ಎದ್ದ ಕುರ್ಚಿ ಇನ್ನೂ ಬಿಸಿಯಾಗಿತ್ತು, ನನ್ನನ್ನು ಅದರ ಮೇಲೆ ಕೂರಿಸಿದರು. ಗಡುವು ಅಂದೇ ಮುಗಿಯುವುದಿತ್ತು. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡೆ.

ಫೋನ್ ಇಟ್ಟೆ. ನನ್ನ ಪಾಡು ಹಾಗಿರಲಿ. ಮಾರ್ಲಿಸ್ ಇಷ್ಟು ದೂರ ಬಂದದ್ದೇ ಆ ಡಾಕ್ಟರಿಗಾಗಿ. ತನ್ನ ಮನೆ, ಚರ್ಚು, ತಂಗಿಯ ಸಮಾಧಿ ಎಲ್ಲ ಬಿಟ್ಟು ನನ್ನ ಒಂದು ಮಾತನ್ನು ನಂಬಿ ಬಂದಿದ್ದಳು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅವಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಎದುರಿಗೆ ಹೋಗಿ ನಿಂತೆ.

"ಮಾರ್ಲಿಸ್, ಒಂದು ಕೆಟ್ಟ ಸುದ್ದಿ. ಡಾಕ್ಟರ್ ಕ್ವಿಂಟಾನಾ ನಮಗೆ ಸಿಗಲ್ಲ. ಭರ್ತಿ ಆಗಿಬಿಟ್ಟಿದೆ. ತಪ್ಪು ನಂದೇ. ನೀನು ಡುಲೂತ್‌ಗೆ ವಾಪಸ್ ಹೋಗೋಣ ಅಂದ್ರೆ ಹೋಗೋಣ. ಹಿಮ ನಾನೊಬ್ಬನೇ ಕೆರೀತೀನಿ."

ಅವಳು ದಿಂಬಿನ ಚೀಲವೊಂದನ್ನು ಕೊಡವಿ ಹಗ್ಗಕ್ಕೆ ಸಿಕ್ಕಿಸಿದಳು.

"ನಮಗೆ ಅಂದ್ರೆ? ನನಗೆ ಅಕ್ಟೋಬರ್‌ನಲ್ಲೇ ಆಗಿದೆಯಲ್ಲ. ಫೋನ್ ಮಾಡಿದ ದಿನಾನೇ ಸಹಿ ಹಾಕಿದೆ. ಆಗಲೇ ಎರಡು ಸಲ ತೋರಿಸ್ಕೊಂಡು ಬಂದೆ, ಸೊಂಟ ನೋಡಿ ಎಷ್ಟು ಸಡಿಲ ಆಗಿದೆ."

"ನೀನೊಬ್ಬಳೇ ಹೇಗೆ ಹಾಕಿದೆ? ಪ್ಲಾನು ಅಂದ್ರೆ ಗಂಡ ಹೆಂಡತಿ ಇಬ್ಬರಿಗೂ ಸೇರಿ ಅಲ್ವಾ?"

ಅವಳು ನನ್ನ ಮುಖವನ್ನೇ ನೋಡಿದಳು. ಡಾಕ್ಟರ್ ಕ್ವಿಂಟಾನಾ ಕೂಡ ಅಷ್ಟು ಹೊತ್ತು ನೋಡುವುದಿಲ್ಲ.

"ಊರಿಗೆಲ್ಲ ಉಪದೇಶ ಮಾಡಿದ್ರಲ್ಲ, ಮೆಡಿಕೇರ್‌ನಲ್ಲಿ ಒಬ್ಬೊಬ್ಬರದೂ ಬೇರೆ ಬೇರೆ ಅಂತ ನಿಮಗೇ ಗೊತ್ತಿಲ್ವಾ? ಪ್ರತಿ ಪುಸ್ತಕದ ಮೊದಲನೇ ಪುಟದಲ್ಲಿ ಬರೆದಿದ್ದಾರೆ."

ಮೊದಲನೆಯ ಪುಟದಲ್ಲಿ ಯಾವಾಗಲೂ ನಗುನಗುತ್ತ ಸೈಕಲ್ ತುಳಿಯುವ ಮುದುಕ ಮುದುಕಿಯರ ಚಿತ್ರವಿರುತ್ತದೆ. ನಾನು ಅನುಭವಸ್ಥ, ನೇರವಾಗಿ ಒಳಗಿನ ಪುಟಗಳಿಗೆ ಹೋಗುವವನು. ಮದುವೆಯಾದಾಗಿನಿಂದ ನಮ್ಮದು ಒಂದೇ ಬ್ಯಾಂಕ್ ಖಾತೆ, ಒಂದೇ ಕಾರು, ಒಂದೇ ಹೊದಿಕೆ. (ಅದರ ಮುಕ್ಕಾಲು ಭಾಗ ಅವಳ ಕಡೆಗಿರುತ್ತದೆ.) ಕಾಯಿಲೆ ಮಾತ್ರ ಬೇರೆ ಬೇರೆ ಎಂದು ನನಗೆ ಹೊಳೆಯಲೇ ಇಲ್ಲ.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದೆ. ನೀವು ಜಗುಲೀಲಿ ಟ್ವೈಲಾಗೆ ಪಾಠ ಮಾಡ್ತಿದ್ರಿ. 'ಹೂಂ' ಅಂದ್ರಿ. ನಿಮ್ಮ ಸಹೀನೂ ನಾನೇ ಹಾಕಿಬಿಡ್ಲಾ ಅಂತ ಆ ಪ್ಲಾನಿನವರನ್ನ ಕೇಳಿದೆ. ಹೆಂಡತಿ ಸಹಿ ನಡೆಯಲ್ವಂತೆ."

ಕೊನೆಯ ಮಾತನ್ನು ಅವಳು ಮೆಲ್ಲಗೆ ಹೇಳಿದಳು. ಅವಳು ನಿಶ್ಚಿಂತಳಾಗಿದ್ದಾಳೆ ಎಂಬ ಸಮಾಧಾನ ಒಂದು ಕಡೆ, ನಾನು ಅನಾಥನಾದೆನೆಂಬ ದುಃಖ ಇನ್ನೊಂದು ಕಡೆ. ಆದರೆ ಖರೀದಿ ವಿಭಾಗದವನು ಇಷ್ಟಕ್ಕೇ ಕೈಚೆಲ್ಲುವುದಿಲ್ಲ. ಜನವರಿಯಲ್ಲಿ ಮಾರ್ಲಿಸಳನ್ನು ತೋರಿಸುವ ನೆಪದಲ್ಲಿ ನಾನೂ ಜೊತೆಗೆ ಹೋದೆ.

ಡಾಕ್ಟರ್ ಕ್ವಿಂಟಾನಾ ಅವಳ ಸೊಂಟವನ್ನು ತಿರುಗಿಸಿ, ಬಾಗಿಸಿ ನೋಡುತ್ತಿದ್ದಾಗ ನಾನು ಮೂಲೆಯ ಕುರ್ಚಿಯಿಂದ, "ಇದೇ ಥರದ ನೋವು ಮಂಡಿಗೆ ಬಂದರೆ, ಅದರಲ್ಲೂ ಎಡಗಡೆ ಮಂಡಿಗೆ, ಏನು ಮಾಡಬೇಕು ಡಾಕ್ಟ್ರೇ?" ಎಂದು ಸಾಮಾನ್ಯ ಜ್ಞಾನಕ್ಕಾಗಿ ಕೇಳಿದೆ.

"ಇವರಿಗೆ ಮಂಡಿ ನೋವಿಲ್ಲವಲ್ಲ," ಎಂದರು ಅವರು.

"ಇವಳ ಗಂಡನಿಗಿದೆ."

ಮಾರ್ಲಿಸ್ ಗೋಡೆಯ ಕಡೆ ತಿರುಗಿ ನಕ್ಕಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು, ಕ್ಲಿನಿಕ್ ತುಂಬಿಸಿದ ಪ್ರಚಾರಕ ನಾನೇ ಎಂದು ತಿಳಿಸಿದೆ. ಡಾಕ್ಟರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಜನ ಸಾಲದೆ ಬೇಸಿಗೆಯಲ್ಲಿ ಕ್ಲಿನಿಕ್ ಮುಚ್ಚುವುದರಲ್ಲಿದ್ದರಂತೆ. "ನಿಮ್ಮಿಂದ ಉಳೀತು," ಎಂದರು. ನನಗೆ ರೋಮಾಂಚನವಾಯಿತು.

"ಹಾಗಾದ್ರೆ ನನ್ನೊಬ್ಬನನ್ನ ಸೇರಿಸ್ಕೊಳ್ಳಿ ಡಾಕ್ಟ್ರೇ."

"ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಕೊಡಬೇಕು ಅಂದ್ರೆ ಎಲ್ಲೋ ಒಂದು ಕಡೆ ಬಾಗಿಲು ಹಾಕಲೇಬೇಕಲ್ವಾ? ನೀವೇ ಅದನ್ನ ಎಲ್ಲರಿಗೂ ಹೇಳಿದ್ದಂತೆ. ಕಾಯೋರ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲನೇದು ಬರೀತೀನಿ. ಒಬ್ಬರು ಬಿಟ್ಟರೆ ನಿಮ್ಮ ಸರದಿ."

"ಬಿಡೋದು ಅಂದ್ರೆ?"

"ಬೇರೆ ಊರಿಗೆ ಹೋಗಬಹುದು. ಪ್ಲಾನ್ ಬದಲಾಯಿಸಬಹುದು. ಇಲ್ಲಾಂದ್ರೆ..." ಅವರು ಕಿಟಕಿಯ ಹೊರಗಿನ ಕಳ್ಳಿಗಿಡವನ್ನು ನೋಡಿದರು. ನಾನೂ ನೋಡಿದೆ.

ಅಂದಿನಿಂದ ನಾನು ನೆರೆಹೊರೆಯವರ ಕ್ಷೇಮದಲ್ಲಿ ಆಸಕ್ತಿ ತಾಳಿದೆ. ಮೊದಲು ಸಭ್ಯ ಮಾರ್ಗಗಳನ್ನು ಹಿಡಿದೆ. ಟ್ವೈಲಾ ಅವರಿಗೆ ಮಗಳ ಊರು ಎಷ್ಟು ತಂಪೆಂದು ವರ್ಣಿಸಿದೆ. ಇನ್ನೊಬ್ಬರಿಗೆ ಬೇರೊಂದು ಪ್ಲಾನಿನ ಬಿಟ್ಟಿ ಕನ್ನಡಕವನ್ನು ಹೊಗಳಿದೆ. ಯಾರೂ ಅಲುಗಲಿಲ್ಲ. "ಹೋಗಪ್ಪಾ ಡೆಲ್ಮರ್, ಈ ಡಾಕ್ಟರನ್ನ ಪ್ರಾಣ ಹೋದ್ರೂ ಬಿಡಬೇಡಿ ಅಂದವನು ನೀನೇ," ಎಂದರು ಟ್ವೈಲಾ. ನಾನು ಎಷ್ಟು ಚೆನ್ನಾಗಿ ಮನವರಿಕೆ ಮಾಡಿಕೊಟ್ಟಿದ್ದೆನೆಂದರೆ ನನ್ನಿಂದಲೇ ಅದನ್ನು ಅಳಿಸಲಾಗಲಿಲ್ಲ.

ಮೆಸ್ಕೀಟ್ ಹಿಲ್ಸ್‌ನಲ್ಲಿ ಒಂದು ಪದ್ಧತಿಯಿದೆ. ಒಂಟಿಯಾಗಿರುವವರು ಬೆಳಿಗ್ಗೆ ಎದ್ದ ಕೂಡಲೇ ಬಾಗಿಲ ಹಿಡಿಕೆಗೆ ಒಂದು ಹಸಿರು ಬಿಲ್ಲೆ ನೇತುಹಾಕುತ್ತಾರೆ. ನಾನಿನ್ನೂ ಇದ್ದೇನೆ ಎಂದು ಅದರರ್ಥ. ಒಂಬತ್ತು ಗಂಟೆಗೆ ಒಬ್ಬ ಸ್ವಯಂಸೇವಕ ಬಂಡಿಯಲ್ಲಿ ಸುತ್ತು ಹೊಡೆದು, ಬಿಲ್ಲೆ ಕಾಣದ ಮನೆಯ ಬಾಗಿಲು ತಟ್ಟಬೇಕು. ಈ ಕೆಲಸಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ. ನಾನು ಬಂದೆ. ನನ್ನ ಸೇವಾಭಾವವನ್ನು ಎಲ್ಲರೂ ಕೊಂಡಾಡಿದರು, ಮಾರ್ಲಿಸಳೊಬ್ಬಳನ್ನು ಬಿಟ್ಟು.

"ರೀ, ಒಂಬತ್ತಕ್ಕೆ ಹೋಗೋ ಕೆಲಸಕ್ಕೆ ಏಳಕ್ಕೇ ಬಂಡಿ ಹತ್ತಿ ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?"

"ಪರೋಪಕಾರಕ್ಕೆ ಹೊತ್ತು ಗೊತ್ತು ನೋಡ್ತಾರೇನೇ?"

"ಎಮೆಟ್ ಕೆಮ್ಮಿದಾಗೆಲ್ಲ ನೀವು ಕಿಟಕಿ ಹತ್ತಿರ ಹೋಗ್ತೀರ. ನಾನು ನೋಡಿದ್ದೀನಿ."

ನಾನು ಹೋಗುತ್ತಿದ್ದುದು ಗಾಳಿಗೆ. ಆದರೆ ಸತ್ಯವಾಗಿ ಹೇಳುವುದಾದರೆ, ಈಚೆಗೆ ಎಮೆಟ್ ಕೆಮ್ಮುವುದೇ ಕಡಿಮೆಯಾಗಿತ್ತು. ಅವರೊಬ್ಬರಷ್ಟೇ ಅಲ್ಲ. ಕೋಲು ಹಿಡಿಯುತ್ತಿದ್ದವರು ಕೋಲು ಬಿಟ್ಟಿದ್ದರು. ಸಂಜೆಯ ಇಸ್ಪೀಟಿಗೆ ಏದುಸಿರು ಬಿಡುತ್ತ ಬರುತ್ತಿದ್ದವರು ಈಗ ಕುಣಿತದ ತರಗತಿಗೆ ಸೇರಿದ್ದರು. ಹಸಿರು ಬಿಲ್ಲೆಗಳು ಏಳು ಗಂಟೆಗೇ ನೇತಾಡುತ್ತಿದ್ದವು. ಡಾಕ್ಟರ್ ಕ್ವಿಂಟಾನಾ ಅವರ ಬಗ್ಗೆ ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಒಬ್ಬರೂ ಸಾಯುತ್ತಿರಲಿಲ್ಲ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಎಮೆಟ್ ಅವರ ಬಾಗಿಲಿನಲ್ಲಿ ಬಿಲ್ಲೆ ಇರಲಿಲ್ಲ.

ಗಡಿಯಾರ ನೋಡಿದೆ, ಒಂಬತ್ತು ದಾಟಿತ್ತು. ಬಾಗಿಲು ತಟ್ಟಿದೆ, ಕರೆದೆ. ಉತ್ತರವಿಲ್ಲ. ಆ ಗಳಿಗೆಯಲ್ಲಿ ನನಗೆ ಪಟ್ಟಿಯಾಗಲಿ ಡಾಕ್ಟರಾಗಲಿ ನೆನಪಾಗಲಿಲ್ಲ ಎಂದರೆ ನೀವು ನಂಬಬೇಕು. (ಆಮೇಲೆ ನೆನಪಾಯಿತು, ಅದು ಬೇರೆ ವಿಷಯ.) ಬೇಲಿಯ ಮೇಲಿಂದ ನಿಂಬೆಹಣ್ಣು ಚಾಚುತ್ತಿದ್ದ ಆ ನಡುಗುವ ಕೈಯೊಂದೇ ಕಣ್ಣ ಮುಂದೆ ಬಂತು. ಸ್ವಯಂಸೇವಕನಿಗೆಂದು ಕೊಟ್ಟಿದ್ದ ಬೀಗದ ಕೈಯಿಂದ ಬಾಗಿಲು ತೆಗೆದು ಒಳಗೆ ಓಡಿದೆ. ಹಾಸಿಗೆಯ ಹೊದಿಕೆ ಮಡಚಿಟ್ಟಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದೆ. ನನ್ನ ಕೂಗು ಕೇಳಿ ಮಾರ್ಲಿಸ್ ಬೇಲಿ ದಾಟಿ ಬಂದಳು. (ಹೌದು, ದಾಟಿ. ಸೊಂಟ ಅಷ್ಟು ಸುಧಾರಿಸಿತ್ತು.)

ಅಷ್ಟರಲ್ಲಿ ತಿರುವಿನಲ್ಲಿ ಗಂಟೆ ಬಾರಿಸುತ್ತ ಒಂದು ಸೈಕಲ್ ಬಂತು. ಮೇಲೆ ಎಮೆಟ್, ತಲೆಗೆ ಕೆಂಪು ಟೋಪಿ.

"ಬಿಲ್ಲೆ ಮರೆತೆ ಕಣಪ್ಪಾ, ಕ್ಷಮಿಸು. ಡಾಕ್ಟರಮ್ಮ ದಿನಾ ಸೈಕಲ್ ತುಳೀರಿ ಅಂದಿದ್ದಾರೆ. ನಿನ್ನೆ ಎದೆ ಪರೀಕ್ಷೆ ಮಾಡಿದ್ರು. ಈ ಎಂಜಿನ್ನು ಇನ್ನೂ ಹತ್ತು ವರ್ಷ ಓಡುತ್ತೆ ಅಂದ್ರು. ಎಲ್ಲಾ ನಿನ್ನ ಪುಣ್ಯ ಡೆಲ್ಮರ್."

ನನ್ನ ಕಣ್ಣಿಂದ ನೀರು ಇಳಿಯಿತು. ಎಮೆಟ್ ಸೈಕಲ್ಲನ್ನು ಗೋಡೆಗೆ ಒರಗಿಸಿ, ಬೆವರು ಒರೆಸಿಕೊಂಡಿದ್ದ ಟವಲಿನಿಂದಲೇ ನನ್ನ ಕೆನ್ನೆ ಒರೆಸಿದರು.

"ನೋಡಮ್ಮಾ ಮಾರ್ಲಿಸ್, ನನ್ನ ಮೇಲೆ ಎಷ್ಟು ಪ್ರೀತಿ ಇವನಿಗೆ. ಸಂತೋಷಕ್ಕೆ ಅಳ್ತಿದ್ದಾನೆ."

"ಅರ್ಧ ಸಂತೋಷಕ್ಕೆ," ಎಂದಳು ಮಾರ್ಲಿಸ್.

ನಾನು ಎದ್ದು ನಿಲ್ಲಲು ಹೋದೆ, ಎಡ ಮಂಡಿ ಏಳಲಿಲ್ಲ. ಓಡಿದ್ದಕ್ಕೆ ಹಿಡಿದುಕೊಂಡಿತ್ತು. ಅಂದೇ ಮಧ್ಯಾಹ್ನ ಪಟ್ಟಣದ ಏಳು ನಿಮಿಷದ ಡಾಕ್ಟರಲ್ಲಿ ನನ್ನ ಮೊದಲನೆಯ ಸರದಿಯಿತ್ತು. ಕಾರು ಓಡಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಮಾರ್ಲಿಸಳಿಗೆ ಅದೇ ಹೊತ್ತಿಗೆ ಡಾಕ್ಟರ್ ಕ್ವಿಂಟಾನಾ ಅವರಲ್ಲಿ ಮುಕ್ಕಾಲು ಗಂಟೆಯ ಭೇಟಿ. ಅದನ್ನು ಬಿಡು ಎಂದು ಹೇಳುವ ಧೈರ್ಯ ನನಗಿಲ್ಲ.

"ನಾನು ಕರ್ಕೊಂಡು ಹೋಗ್ತೀನಿ ಬಾ," ಎಂದರು ಎಮೆಟ್. "ಆ ದಾರಿ ನನಗೆ ಚೆನ್ನಾಗಿ ಗೊತ್ತು."

ನಲವತ್ತು ಮೈಲಿಯೂ ಅವರು ಹೆದ್ದಾರಿಯಲ್ಲಿ ಹಾಡಿಕೊಂಡು, ಲಾರಿಗಳನ್ನು ಹಿಂದೆ ಹಾಕಿಕೊಂಡು ಕಾರು ಓಡಿಸಿದರು. ನಾನು ಕಣ್ಣು ಮುಚ್ಚಿಕೊಂಡು ಸೀಟು ಹಿಡಿದುಕೊಂಡಿದ್ದೆ. ಕ್ಲಿನಿಕ್ಕಿನ ಮುಂದೆ ಇಳಿದಾಗ ಎಮೆಟ್ ನನ್ನ ಬಗಲಿಗೆ ಕೈ ಕೊಟ್ಟು, ಒಂದೊಂದೇ ಹೆಜ್ಜೆ ಇಡಿಸುತ್ತ ಒಳಗೆ ಕರೆದುಕೊಂಡು ಹೋಗಿ, ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಕುಡಿಯಲು ನೀರು ತಂದುಕೊಟ್ಟರು. ಎಮೆಟ್ ಅವರಿಗೂ ಪರಿಚಯವಿಲ್ಲದ ಹೊಸ ನರ್ಸ್ ಒಬ್ಬಳು ನಮ್ಮಿಬ್ಬರನ್ನೂ ಒಮ್ಮೆ ನೋಡಿದಳು. ಆಮೇಲೆ ಒಂದು ಗಾಲಿಕುರ್ಚಿಯನ್ನು ತಳ್ಳಿಕೊಂಡು ಬಂದು ಎಮೆಟ್ ಅವರ ಮುಂದೆ ನಿಲ್ಲಿಸಿದಳು.

"ನಿಮ್ಮ ಅಣ್ಣನವರನ್ನ ಇದರಲ್ಲಿ ಕೂರಿಸಿ ಸರ್," ಎಂದಳು. "ಪಾಪ, ಈ ವಯಸ್ಸಿನಲ್ಲಿ ಇಷ್ಟು ದೂರ ಬರಬೇಕು ಅಂದ್ರೆ ಕಷ್ಟ."

ಎಮೆಟ್ ಅವಳನ್ನು ತಿದ್ದಲಿಲ್ಲ. ನನ್ನ ತೋಳು ಹಿಡಿದು ಎಬ್ಬಿಸಿ ಗಾಲಿಕುರ್ಚಿಯಲ್ಲಿ ಕೂರಿಸಿದರು, ಅದರಲ್ಲಿದ್ದ ಹೊದಿಕೆಯನ್ನು ಮೊಣಕಾಲಿನ ಮೇಲೆ ಹೊದಿಸಿದರು, ನನ್ನ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ, ಕೋಣೆಯಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದರು: "ಹೆದರಬೇಡ ಅಣ್ಣಾ, ನಾನಿದ್ದೀನಿ."